ಕುದುರೆಯ ಊದಿದ ಕೀಲಿಗೆ ಅಲ್ಟ್ರಾಸೌಂಡ್ ಶಾಖ ಕೊಡಬಹುದೇ?

ಪ್ರಶ್ನೆ: ನನ್ನ ಬಳಿ ಹನ್ನೊಂದು ವರ್ಷದ, ಬೀಜ ತೆಗೆಸಿದ ಗಂಡು ಕುದುರೆಯಿದೆ. ನಾಲ್ಕು ತಿಂಗಳ ಹಿಂದೆ ಅದರ ಬಲ ಮುಂಗಾಲಿನ ಫೆಟ್ಲಾಕ್ ಕೀಲು ಊದಿಕೊಂಡು ಕುಂಟತೊಡಗಿತು. ಪಶುವೈದ್ಯರು ಎಕ್ಸ್‌ರೇ ತೆಗೆದು ನೋಡಿ, ಮೂಳೆ ಮುರಿದಿಲ್ಲ, ಇದು ಕೀಲಿನ ಉರಿಯೂತ ಎಂದು ಹೇಳಿ ಹತ್ತು ದಿನಗಳ ನೋವಿನ ಔಷಧವನ್ನೂ ವಿಶ್ರಾಂತಿಯನ್ನೂ ಸೂಚಿಸಿದರು. ಕುಂಟು ಬಹಳ ಮಟ್ಟಿಗೆ ಇಳಿಯಿತು. ಆದರೆ ಕೀಲು ಈಗಲೂ ದಪ್ಪಗಿದೆ, ಎಡಗಾಲಿನಷ್ಟು ಮಡಚುವುದಿಲ್ಲ, ಹೆಚ್ಚು ಕೆಲಸ ಮಾಡಿದ ದಿನ ಸಂಜೆ ಮುಟ್ಟಿದರೆ ಬಿಸಿಯಾಗಿರುತ್ತದೆ. ಮನುಷ್ಯರ ಭೌತಚಿಕಿತ್ಸೆಗೆ ಬಳಸುವ ಅಲ್ಟ್ರಾಸೌಂಡ್ ಯಂತ್ರವೊಂದು ನಮ್ಮ ಮನೆಯಲ್ಲಿದೆ. ಅದರಲ್ಲಿ 1 ಮತ್ತು 3 ಮೆಗಾಹರ್ಟ್ಸ್ ಎರಡೂ ಇವೆ. ಅದನ್ನು ಕುದುರೆಗೆ ಬಳಸಬಹುದೇ? ಎಷ್ಟು ಹೊತ್ತು, ಎಷ್ಟು ಶಕ್ತಿಯಲ್ಲಿ ಕೊಡಬೇಕು? ಇದರಿಂದ ಹಾನಿಯಾಗುವ ಸಂಭವವಿದೆಯೇ?

ಉತ್ತರ: ಮೊದಲು ನೇರವಾದ ಉತ್ತರವನ್ನು ಹೇಳಿ, ಆಮೇಲೆ ಕಾರಣಗಳಿಗೆ ಬರುತ್ತೇನೆ. ಕೀಲು ಬಿಸಿಯಾಗಿರುವ ದಿನಗಳಲ್ಲಿ ಅದಕ್ಕೆ ಅಲ್ಟ್ರಾಸೌಂಡ್ ಶಾಖ ಕೊಡಬಾರದು. ಬಿಸಿ ಆರಿಹೋಗಿ, ಕೀಲನ್ನು ಸುತ್ತುವರಿದ ಚೀಲವು ದಪ್ಪಗಟ್ಟಿ, ಮಡಚುವುದೊಂದೇ ಕಷ್ಟವಾಗಿ ಉಳಿದಿರುವ ಹಂತದಲ್ಲಿ, 3 ಮೆಗಾಹರ್ಟ್ಸ್‌ನಲ್ಲಿ, ಕೂದಲನ್ನು ಕತ್ತರಿಸಿ, ಚಿಕ್ಕ ಜಾಗಕ್ಕೆ, ಸಾಕಷ್ಟು ಹೊತ್ತು ಕೊಟ್ಟು, ಯಂತ್ರವನ್ನು ಬದಿಗಿಟ್ಟ ಕೂಡಲೇ ಕೀಲನ್ನು ಮೆಲ್ಲಗೆ ಮಡಚಿ ಹಿಗ್ಗಿಸಿದರೆ ಪ್ರಯೋಜನವುಂಟು. ಆದ್ದರಿಂದ ಈ ಯಂತ್ರವನ್ನು ಉರಿಯೂತದ ಔಷಧವೆಂದು ನೋಡದೆ, ಉರಿಯೂತವು ಹಿಂದೆ ಬಿಟ್ಟುಹೋದ ಬಿಗಿತಕ್ಕೆ ಸಲ್ಲುವ ಉಪಕರಣವೆಂದು ನೋಡಿ. ಈ ಒಂದು ವ್ಯತ್ಯಾಸವನ್ನು ಗಮನಿಸದಿದ್ದರೆ, ಒಳ್ಳೆಯದನ್ನು ಮಾಡಬೇಕೆಂಬ ಮನಸ್ಸಿನಿಂದಲೇ ಕುದುರೆಯ ಮೃದ್ವಸ್ಥಿಗೆ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪು ಪದರಕ್ಕೆ, ಕೇಡು ಮಾಡಿದಂತಾಗುತ್ತದೆ.

ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ಆ ಊತ ಎಲ್ಲಿದೆ ಎಂಬುದನ್ನು ಬೆರಳಿನಿಂದಲೇ ಗುರುತಿಸಿಕೊಳ್ಳಬೇಕು. ಫೆಟ್ಲಾಕ್ ಎಂದರೆ ಗೊರಸಿಗಿಂತ ಮೇಲೆ, ಉದ್ದನೆಯ ಕ್ಯಾನನ್ ಮೂಳೆ ಕೊನೆಗೊಳ್ಳುವ ಜಾಗದ ಕೀಲು. ಇಲ್ಲಿ ಎರಡು ಬೇರೆ ಬೇರೆ ಚೀಲಗಳು ಒಂದರ ಪಕ್ಕದಲ್ಲೊಂದು ಇರುತ್ತವೆ: ಒಂದು ಕೀಲಿನದು, ಇನ್ನೊಂದು ಕಾಲಿನ ಹಿಂಬದಿಯಲ್ಲಿ ಇಳಿಯುವ ಸ್ನಾಯುರಜ್ಜುಗಳ ಹೊದಿಕೆ. ಕ್ಯಾನನ್ ಮೂಳೆಯ ಹಿಂದಿನ ಅಂಚಿಗೂ ಅದರ ಹಿಂದೆ ಹಗ್ಗದಂತೆ ಕೈಗೆ ಸಿಗುವ ಸಸ್ಪೆನ್ಸರಿ ಅಸ್ಥಿರಜ್ಜುವಿಗೂ ನಡುವೆ ಮೆತ್ತಗಿನ ಉಬ್ಬು ಸಿಕ್ಕಿದರೆ ಅದು ಕೀಲಿನ ಚೀಲದ್ದು. ಅದೇ ಅಸ್ಥಿರಜ್ಜುವಿಗಿಂತ ಹಿಂದಕ್ಕೆ ಉಬ್ಬು ಇದ್ದರೆ ಅದು ಸ್ನಾಯುರಜ್ಜುವಿನ ಹೊದಿಕೆಯದು, ಅದರ ಚಿಕಿತ್ಸೆಯೇ ಬೇರೆ. ಕೀಲಿನ ಮುಂಭಾಗದಲ್ಲಿ, ಚರ್ಮದ ಕೆಳಗೆ, ಒದ್ದೆ ಚರ್ಮದ ಪಟ್ಟಿಯಂತೆ ಗಟ್ಟಿಯಾದ ದಪ್ಪ ಸಿಕ್ಕಿದರೆ ಅದು ಸಾಮಾನ್ಯವಾಗಿ ದಪ್ಪಗಟ್ಟಿದ ಚೀಲದ ಮುಂಗೋಡೆ. ನಿಮ್ಮ ವಿವರಣೆಯಲ್ಲಿ ‘ದಪ್ಪಗಿದೆ, ಮಡಚುವುದಿಲ್ಲ’ ಎಂಬ ಮಾತು ಈ ಮುಂಗೋಡೆಯತ್ತ ಬೆರಳು ತೋರಿಸುತ್ತದೆ. ‘ಸಂಜೆ ಬಿಸಿಯಾಗಿರುತ್ತದೆ’ ಎಂಬ ಮಾತು ಚೀಲದ ಒಳಪೊರೆಯ ಉರಿಯೂತ ಇನ್ನೂ ಪೂರ್ತಿ ಆರಿಲ್ಲವೆಂದು ಹೇಳುತ್ತದೆ.

ಇಲ್ಲೇ ಒಂದು ಎಚ್ಚರಿಕೆಯನ್ನು ಹೇಳಿ ಮುಂದುವರಿಯಬೇಕು. ಕುದುರೆ ಇದ್ದಕ್ಕಿದ್ದಂತೆ ಆ ಕಾಲನ್ನು ನೆಲಕ್ಕೇ ಊರದಂತಾದರೆ, ಕೀಲಿನ ಹತ್ತಿರ ಚಿಕ್ಕದಾದರೂ ಗಾಯವಿದ್ದರೆ, ಅಥವಾ ಕೆಲವೇ ದಿನಗಳ ಹಿಂದೆ ಕೀಲಿನೊಳಗೆ ಚುಚ್ಚುಮದ್ದು ಕೊಟ್ಟಿದ್ದರೆ, ಅದನ್ನು ಸೋಂಕು ತಗುಲಿದ ಕೀಲೆಂದೇ ಭಾವಿಸಿ ಅದೇ ದಿನ ಪಶುವೈದ್ಯರನ್ನು ಕರೆಸಿ. ಆರೋಗ್ಯವಂತ ಕೀಲುದ್ರವವು ತಿಳಿಹಳದಿಯಾಗಿ, ಸ್ವಚ್ಛವಾಗಿ, ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುವಂತಿರುತ್ತದೆ. ಅದರ ಒಂದು ಮೈಕ್ರೋಲೀಟರಿನಲ್ಲಿ ಬಿಳಿ ರಕ್ತಕಣಗಳು ಸಾವಿರಕ್ಕಿಂತ ಕಡಿಮೆ. ಸೋಂಕು ತಗುಲಿದ ಕೀಲಿನಲ್ಲಿ ಅದೇ ಸಂಖ್ಯೆ ಸಾಮಾನ್ಯವಾಗಿ 30,000ವನ್ನು ಮೀರಿರುತ್ತದೆ ಮತ್ತು ದ್ರವವು ಕದಡಿ, ನೀರಿನಂತೆ ತೆಳ್ಳಗಾಗಿರುತ್ತದೆ. ಅಂಥ ಕೀಲನ್ನು ತೊಳೆಯಬೇಕು, ಪ್ರತಿಜೀವಕ ಕೊಡಬೇಕು. ಅದಕ್ಕೆ ಶಾಖ ಕೊಡುತ್ತಾ ಕಳೆದ ಒಂದೊಂದು ದಿನವೂ ಮೃದ್ವಸ್ಥಿಯ ಆಯುಷ್ಯದಿಂದ ಕಳೆದುಹೋದಂತೆ. ನಿಮ್ಮ ಕುದುರೆಯ ಚಿತ್ರಣ ಹಾಗಿಲ್ಲ, ಆದರೂ ಇದನ್ನು ಓದುವ ಇನ್ನೊಬ್ಬರ ಕುದುರೆಯದು ಹಾಗಿರಬಹುದು.

ಈಗ ಯಂತ್ರದ ವಿಷಯ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ತೋರಿಸಿದರು. ಅದೇ ಗುಣವನ್ನು ತಿರುವುಮುರುವು ಮಾಡಿ, ಹರಳಿಗೆ ವಿದ್ಯುತ್ತನ್ನು ಹರಿಸಿ ಅದನ್ನು ಸೆಕೆಂಡಿಗೆ ಹತ್ತು ಲಕ್ಷ ಅಥವಾ ಮೂವತ್ತು ಲಕ್ಷ ಸಲ ಕಂಪಿಸುವಂತೆ ಮಾಡಿದರೆ ಹೊಮ್ಮುವುದೇ ನಿಮ್ಮ ಪ್ರೋಬಿನ, ಅಂದರೆ ಚರ್ಮಕ್ಕೆ ತಾಗಿಸುವ ಹಿಡಿಯ, ಧ್ವನಿ. ಅದು ಅಂಗಾಂಶದೊಳಗೆ ಸಾಗುತ್ತಾ ಅಲ್ಲಲ್ಲಿ ಹೀರಲ್ಪಟ್ಟು ಶಾಖವಾಗುತ್ತದೆ. ಎಲ್ಲಿ ಹೆಚ್ಚು ಹೀರಲ್ಪಡುತ್ತದೆ ಎಂಬುದೇ ಇಡೀ ಚಿಕಿತ್ಸೆಯ ತಿರುಳು. ನೀರಿನಂಶ ಹೆಚ್ಚಿರುವ ಅಂಗಾಂಶ ಮತ್ತು ಕೊಬ್ಬಿನಲ್ಲಿ ಧ್ವನಿಯು ಬಹುಮಟ್ಟಿಗೆ ಹಾದುಹೋಗುತ್ತದೆ. ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ದಟ್ಟವಾಗಿರುವ ಸ್ನಾಯುರಜ್ಜು, ಅಸ್ಥಿರಜ್ಜು, ಕೀಲುಚೀಲಗಳಲ್ಲಿ ಚೆನ್ನಾಗಿ ಹೀರಲ್ಪಡುತ್ತದೆ. ಮೂಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ ಫೆಟ್ಲಾಕಿನ ಮೇಲೆ ಪ್ರೋಬ್ ಆಡಿಸಿದಾಗ ಬೆಚ್ಚಗಾಗುವುದು ಚೀಲದ ಗೋಡೆ, ಅದರ ಸುತ್ತಲಿನ ರಜ್ಜುಗಳು ಮತ್ತು ಮೂಳೆಯ ಹೊರಮೈ. ಎರಡು ಮೂಳೆಗಳ ನಡುವೆ ಅಡಗಿರುವ ಮೃದ್ವಸ್ಥಿಯ ಮೇಲ್ಮೈಯನ್ನು ಅದು ‘ದುರಸ್ತಿ’ ಮಾಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಆಳದ ಲೆಕ್ಕವೂ ಇದೆ. 1 ಮೆಗಾಹರ್ಟ್ಸ್ ಧ್ವನಿ ಸುಮಾರು 2ರಿಂದ 5 ಸೆಂಟಿಮೀಟರ್ ಆಳದ ಅಂಗಾಂಶಗಳಿಗೆ, 3 ಮೆಗಾಹರ್ಟ್ಸ್ ಧ್ವನಿ 1ರಿಂದ 2 ಸೆಂಟಿಮೀಟರ್ ಆಳದವಕ್ಕೆ ಸೂಕ್ತವೆಂದು ಎಣಿಸಲಾಗುತ್ತದೆ. ಹೆಚ್ಚು ಆಳಕ್ಕೆ ಹೋಗುವುದೇ ಒಳ್ಳೆಯದೆಂದು ಅನೇಕರು 1 ಮೆಗಾಹರ್ಟ್ಸನ್ನು ಆರಿಸಿಕೊಳ್ಳುತ್ತಾರೆ. ಕುದುರೆಯ ವಿಷಯದಲ್ಲಿ ಇದು ತಪ್ಪು. ಮಂಡಿಯಿಂದ ಕೆಳಗೆ ಕುದುರೆಯ ಕಾಲಿನಲ್ಲಿ ಮಾಂಸವೆಂಬುದೇ ಇಲ್ಲವೆನ್ನಬಹುದು: ಚರ್ಮ, ಅದರ ಕೆಳಗೆ ರಜ್ಜುಗಳು ಮತ್ತು ಚೀಲ, ಅದರ ಕೆಳಗೆ ನೇರವಾಗಿ ಮೂಳೆ. 1 ಮೆಗಾಹರ್ಟ್ಸ್ ಧ್ವನಿ ಈ ತೆಳುವಾದ ಪದರಗಳನ್ನು ಹೆಚ್ಚು ಬೆಚ್ಚಗಾಗಿಸದೆ ದಾಟಿ ಮೂಳೆಗೆ ಬಡಿಯುತ್ತದೆ. ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ, ಉಳಿದದ್ದು ಮೂಳೆಯ ಹೊರಪದರದಲ್ಲೇ ಶಾಖವಾಗುತ್ತದೆ. ಮೂಳೆಯನ್ನು ಹೊದ್ದಿರುವ ಪೊರೆಯಲ್ಲಿ ನೋವಿನ ನರಗಳು ಸಮೃದ್ಧವಾಗಿರುವುದರಿಂದ ಪ್ರಾಣಿಗೆ ಆಳವಾದ, ಚುಚ್ಚುವ ನೋವಾಗುತ್ತದೆ. ಆದ್ದರಿಂದ ಫೆಟ್ಲಾಕ್, ಮುಂಗಾಲಿನ ಮಂಡಿ, ಹಿಂಗಾಲಿನ ಹಾಕ್ ಕೀಲುಗಳಿಗೆ 3 ಮೆಗಾಹರ್ಟ್ಸೇ ಸರಿ. ಗೊರಸಿನೊಳಗಿನ ಕಾಫಿನ್ ಕೀಲಿಗಾದರೋ ಯಾವ ಆವರ್ತನವೂ ಪ್ರಯೋಜನವಿಲ್ಲ, ಏಕೆಂದರೆ ಗೊರಸಿನ ಗೋಡೆಯನ್ನು ದಾಟಿ ಉಪಯುಕ್ತವಾದ ಶಕ್ತಿ ಒಳಗೆ ಮುಟ್ಟುವುದಿಲ್ಲ. ಸೊಂಟದ ಕೀಲು ಮಾಂಸದ ರಾಶಿಯ ಕೆಳಗಿರುವುದರಿಂದ ಅದನ್ನೂ ಬಿಟ್ಟುಬಿಡಬೇಕು.

ಬಿಸಿಯಾದ ಕೀಲಿಗೆ ಶಾಖ ಬೇಡವೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಉರಿಯೂತವಿರುವ ಕೀಲಿನಲ್ಲಿ ಒಳಪೊರೆಯು ಕೊಲಾಜೆನನ್ನು ಕತ್ತರಿಸುವ ಕಿಣ್ವಗಳನ್ನು ಕೀಲುದ್ರವಕ್ಕೆ ಸುರಿಸುತ್ತಿರುತ್ತದೆ. ಮೃದ್ವಸ್ಥಿಗೆ ಬಲ ಬರುವುದೇ ಕೊಲಾಜೆನಿನಿಂದ. ಈ ಕಿಣ್ವಗಳ ಕೆಲಸ ಉಷ್ಣತೆಯನ್ನು ಅವಲಂಬಿಸಿದೆ. 1974ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರುಮಟಾಯ್ಡ್ ಸಂಧಿವಾತವಿದ್ದ ಮನುಷ್ಯರ ಕೀಲಿನ ಪೊರೆಯಿಂದ ಪಡೆದ ಕಿಣ್ವವನ್ನು ಮೃದ್ವಸ್ಥಿಯ ಕೊಲಾಜೆನ್ ಮೇಲೆ ಬಿಟ್ಟಾಗ, ಉಷ್ಣತೆಯನ್ನು 33ರಿಂದ 36 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದ್ದರಿಂದಲೇ ಅದು ಸುಮಾರು ನಾಲ್ಕು ಪಟ್ಟು ವೇಗವಾಗಿ ಕರಗಿತು. ಮೂರೇ ಮೂರು ಡಿಗ್ರಿ. ಕುದುರೆಯ ಕಾಲಿನ ಕೆಳಭಾಗದ ಕೀಲುಗಳು ದೇಹದ ಒಳಭಾಗಕ್ಕಿಂತ ತಂಪಾಗಿರುವಂಥವು, ಮತ್ತು ಆ ತಂಪು ಒಂದು ಬಗೆಯ ರಕ್ಷಣೆ. ಉರಿಯೂತವು ಈಗಾಗಲೇ ಆ ರಕ್ಷಣೆಯನ್ನು ಕಿತ್ತುಕೊಂಡಿರುವಾಗ ನಾವು ಹೊರಗಿನಿಂದ ಇನ್ನಷ್ಟು ಶಾಖ ಸೇರಿಸುವುದು ಸರಿಯಲ್ಲ. ಪ್ರಯೋಗಾಲಯದ ನಳಿಕೆಯಲ್ಲಿ ಕಂಡದ್ದು ಜೀವಂತ ಕೀಲಿನಲ್ಲೂ ಅದೇ ಲೆಕ್ಕದಲ್ಲಿ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ದಿಕ್ಕು ಯಾವುದು ಎಂಬುದು ಅದರಿಂದ ಸ್ಪಷ್ಟವಾಗುತ್ತದೆ. ಬಿಸಿ ಇರುವ ಸಂಜೆಗಳಿಗೆ ತಣ್ಣೀರೇ ಮದ್ದು. ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಕಾಲನ್ನು ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸುವುದು ಯಾವ ಯಂತ್ರಕ್ಕೂ ಕಡಿಮೆಯಲ್ಲದ ಚಿಕಿತ್ಸೆ, ಮತ್ತು ಕುದುರೆಗಳು ಅದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ.

ನಿಮ್ಮ ಯಂತ್ರದಲ್ಲಿ ‘ಪಲ್ಸ್’ ಎಂಬ ಇನ್ನೊಂದು ವಿಧಾನವಿರಬೇಕು. ಅದರಲ್ಲಿ ಧ್ವನಿಯು ನಿರಂತರವಾಗಿ ಹೊಮ್ಮದೆ ಬಿಟ್ಟುಬಿಟ್ಟು ಹೊಮ್ಮುತ್ತದೆ. ಶೇಕಡಾ 20ರ ಪಲ್ಸಿನಲ್ಲಿ ಚದರ ಸೆಂಟಿಮೀಟರಿಗೆ 1 ವ್ಯಾಟ್ ಎಂದು ಇಟ್ಟರೆ ಸರಾಸರಿ 0.2 ವ್ಯಾಟ್ ಮಾತ್ರ ಒಳಗೆ ಹೋಗುತ್ತದೆ, ಉಷ್ಣತೆ ಏರುವುದಿಲ್ಲವೆಂದೇ ಹೇಳಬಹುದು. ಆಗ ಕೆಲಸ ಮಾಡುವುದು ಶಾಖವಲ್ಲದ ಪರಿಣಾಮಗಳು: ದ್ರವದಲ್ಲಿ ಅತಿಸೂಕ್ಷ್ಮ ಗುಳ್ಳೆಗಳು ಲಯಬದ್ಧವಾಗಿ ಹಿಗ್ಗಿ ಕುಗ್ಗುವುದು, ಜೀವಕೋಶಗಳ ಪೊರೆಯ ಬಳಿ ದ್ರವದ ಸಣ್ಣ ಹರಿವುಗಳೇಳುವುದು, ಅದರಿಂದ ಕೋಶಪೊರೆ ಸ್ವಲ್ಪ ಹೆಚ್ಚು ಒಳಬಿಡುವಂತಾಗುವುದು. ಇವೆಲ್ಲ ಪ್ರಯೋಗಾಲಯದಲ್ಲಿ ಕಂಡ ಸಂಗತಿಗಳು. ಈ ಆಧಾರದ ಮೇಲೆ ತೀವ್ರ ಹಂತದ ಊತಕ್ಕೆ ಪಲ್ಸ್ ವಿಧಾನವನ್ನು ಕೊಡುವ ರೂಢಿಯುಂಟು. ಅದರಿಂದ ಹಾನಿ ಕಡಿಮೆ ಎಂಬುದು ನಿಜ, ಆದರೆ ಕುದುರೆಯ ಕೀಲಿನ ಉರಿಯೂತವನ್ನು ಅದು ಇಳಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. ಅದನ್ನು ಮಾಡುತ್ತಾ ತಣ್ಣೀರನ್ನೂ ಔಷಧವನ್ನೂ ವಿಶ್ರಾಂತಿಯನ್ನೂ ಬಿಟ್ಟರೆ ನಷ್ಟವೇ ಹೊರತು ಲಾಭವಿಲ್ಲ.

ಹಾಗಾದರೆ ಯಂತ್ರದಿಂದ ನಿಜವಾಗಿ ಆಗುವುದೇನು? ತಿಂಗಳುಗಟ್ಟಲೆ ಉರಿಯೂತವಿದ್ದ ಕೀಲಿನಲ್ಲಿ ಚೀಲದ ಗೋಡೆಯು ನಾರುಗಟ್ಟಿ, ಮುದುಡಿ, ಮೊದಲಿನಂತೆ ಹಿಗ್ಗದ ಸ್ಥಿತಿಗೆ ಬರುತ್ತದೆ. ಕೊಲಾಜೆನ್ ಎಳೆಗಳನ್ನು ಸುಮಾರು 4 ಡಿಗ್ರಿಯಷ್ಟು ಬೆಚ್ಚಗೆ ಮಾಡಿದರೆ, ಎಳೆದಾಗ ಅವು ಹೆಚ್ಚು ಸುಲಭವಾಗಿ ಹಿಗ್ಗುತ್ತವೆ. ಎಳೆಯದಿದ್ದರೆ ಹಿಗ್ಗುವುದಿಲ್ಲ ಎಂಬುದನ್ನೂ ಇದರೊಂದಿಗೇ ತಿಳಿಯಬೇಕು. ಬರಿಯ ಶಾಖ ಕೊಟ್ಟು ಕುದುರೆಯನ್ನು ಲಾಯಕ್ಕೆ ಕಟ್ಟಿದರೆ ಚೀಲ ತಣ್ಣಗಾಗಿ ಮತ್ತೆ ಮೊದಲಿನ ಉದ್ದಕ್ಕೇ ನಿಲ್ಲುತ್ತದೆ. ಮನುಷ್ಯರ ಮೇಲೆ ನಡೆದ ಅಳತೆಗಳ ಪ್ರಕಾರ, 3 ಮೆಗಾಹರ್ಟ್ಸ್‌ನಿಂದ ಬೆಚ್ಚಗಾದ ಅಂಗಾಂಶ ಹಿಗ್ಗಿಸಲು ಯೋಗ್ಯವಾದ ಉಷ್ಣತೆಯಲ್ಲಿ ಉಳಿಯುವುದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಅಷ್ಟರೊಳಗೆ ಕಾಲನ್ನೆತ್ತಿ ಮಡಚಿರಬೇಕು. ಜೆಲ್ ಒರೆಸುವುದು, ಯಂತ್ರ ಎತ್ತಿಡುವುದು, ತಂತಿ ಸುತ್ತುವುದು ಎಲ್ಲ ಆಮೇಲೆ. ಈ ಮೂರು ನಿಮಿಷಗಳನ್ನು ಕಳೆದುಕೊಂಡರೆ ಉಳಿದ ಶ್ರಮವೆಲ್ಲ ಬಹುಪಾಲು ವ್ಯರ್ಥವೆಂಬುದು ನನ್ನ ಖಚಿತ ಅಭಿಪ್ರಾಯ.

ಕೊಡುವ ಕ್ರಮವನ್ನು ಹೇಳುತ್ತೇನೆ. ಮೊದಲು ಕೂದಲು. ಧ್ವನಿಗೆ ಗಾಳಿಯು ಗೋಡೆಯಿದ್ದಂತೆ. ಗಾಳಿಯ ತೆಳು ಪದರವೂ ಅದನ್ನು ಪೂರ್ತಿಯಾಗಿ ಹಿಂದಕ್ಕೆ ಕಳಿಸುತ್ತದೆ. ಕೂದಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಜೆಲ್ ಎಷ್ಟು ಸುರಿದರೂ ಪೂರ್ತಿ ಹೋಗುವುದಿಲ್ಲ, ಮೇಲಾಗಿ ಕೂದಲೇ ಶಕ್ತಿಯನ್ನು ಹೀರುತ್ತದೆ. ನಾಯಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೂದಲು ತೆಗೆಯದೆ ಚಿಕಿತ್ಸೆ ಕೊಟ್ಟಾಗ ಕೂದಲ ಹೊದಿಕೆಯೇ ಬಿಸಿಯಾಗಿ, ಕೆಳಗಿನ ಮಾಂಸಕ್ಕೆ ಸಿಗಬೇಕಾದ ಶಾಖ ಸಿಗಲಿಲ್ಲ. ಪ್ರದರ್ಶನಕ್ಕೆ ಹೋಗುವ ಕುದುರೆಯ ಕಾಲಿನಲ್ಲಿ ಬೋಳು ಕಲೆ ಕಾಣುತ್ತದೆಂದು ಮಾಲೀಕರು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಆದರೆ ಕೂದಲು ಉಳಿಸಿಕೊಂಡು ಚಿಕಿತ್ಸೆ ಕೊಡುವ ಬದಲು ಚಿಕಿತ್ಸೆಯನ್ನೇ ಕೈಬಿಡುವುದು ಲೇಸು. ಕತ್ತರಿಸಿದ ಮೇಲೆ ಚರ್ಮವನ್ನು ತೊಳೆದು, ಅಲ್ಟ್ರಾಸೌಂಡ್‌ಗೆಂದೇ ತಯಾರಾದ ನೀರಿನಂಶದ ಜೆಲ್ಲನ್ನು ದಪ್ಪಗೆ ಹಚ್ಚಿ. ನೋವಿನ ಮುಲಾಮು, ಎಣ್ಣೆ, ಬಿಳಿಯ ಕೆನೆಯಂಥ ಮದ್ದುಗಳು ಬೇಡ. ಅವುಗಳಲ್ಲಿ ಅನೇಕವು ಧ್ವನಿಯನ್ನು ತಡೆಯುತ್ತವೆ, ಮತ್ತು ಬೆಚ್ಚಗಾದ ಚರ್ಮದ ಮೂಲಕ ಒಳಗೆ ಏನು, ಎಷ್ಟು ಇಳಿಯಿತು ಎಂಬ ಲೆಕ್ಕವೂ ಸಿಗುವುದಿಲ್ಲ.

ಎರಡನೆಯದು ಜಾಗದ ಅಳತೆ, ಎಲ್ಲರೂ ತಪ್ಪುವುದು ಇಲ್ಲಿಯೇ. ಪ್ರೋಬಿನ ಮೇಲೆ ಅಥವಾ ಯಂತ್ರದ ಕೈಪಿಡಿಯಲ್ಲಿ ಅದರ ‘ಪರಿಣಾಮಕಾರಿ ಹೊಮ್ಮುವ ವಿಸ್ತೀರ್ಣ’ ಬರೆದಿರುತ್ತದೆ. ಅದು 5 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಸಲಕ್ಕೆ ಅದರ ಎರಡರಷ್ಟು, ಅಂದರೆ ಸುಮಾರು 10 ಚದರ ಸೆಂಟಿಮೀಟರ್ ಜಾಗವನ್ನು ಮಾತ್ರ ಬೆಚ್ಚಗೆ ಮಾಡಲು ಸಾಧ್ಯ. ಫೆಟ್ಲಾಕಿನ ಮುಂಭಾಗವೇ 8 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲವಿದ್ದರೆ ಒಟ್ಟು 48 ಚದರ ಸೆಂಟಿಮೀಟರಾಯಿತು. ಅದು ಐದು ಚಿಕಿತ್ಸೆಗಳಷ್ಟು ಜಾಗ. ಐದು ನಿಮಿಷದಲ್ಲಿ ಇಡೀ ಕೀಲಿನ ಸುತ್ತ ಪ್ರೋಬ್ ಆಡಿಸಿ ಮುಗಿಸಿದರೆ ಯಾವ ಜಾಗವೂ ಅರ್ಧ ಡಿಗ್ರಿಯಷ್ಟಾದರೂ ಏರಿರುವುದು ಅನುಮಾನ. ಆದ್ದರಿಂದ ಬೆರಳಿನಿಂದ ಹುಡುಕಿ, ಎಲ್ಲಿ ಚೀಲ ಅತ್ಯಂತ ದಪ್ಪಗಟ್ಟಿದೆಯೋ ಆ ಒಂದೆರಡು ಜಾಗಗಳನ್ನು ಮಾತ್ರ ಗುರುತು ಮಾಡಿಕೊಂಡು, ಒಂದೊಂದಕ್ಕೂ ಪೂರ್ತಿ ಸಮಯ ಕೊಡಿ. ಎರಡು ಜಾಗಗಳಿದ್ದರೆ ಮೊದಲನೆಯದು ಮುಗಿದೊಡನೆ ಮಡಚಿ ಹಿಗ್ಗಿಸಿ, ಆಮೇಲೆ ಎರಡನೆಯದಕ್ಕೆ ಹೋಗಿ.

ಪ್ರಮಾಣವನ್ನು ಚದರ ಸೆಂಟಿಮೀಟರಿಗೆ 0.8ರಿಂದ 1.0 ವ್ಯಾಟ್, ನಿರಂತರ ವಿಧಾನ, ಒಂದು ಜಾಗಕ್ಕೆ ಎಂಟರಿಂದ ಹತ್ತು ನಿಮಿಷ ಎಂದು ಇಟ್ಟುಕೊಳ್ಳಿ. ಈ ಅಂಕಿಗಳು ಗಾಳಿಯಲ್ಲಿ ಹುಟ್ಟಿದವಲ್ಲ. ಕುದುರೆಗಳ ಅಂಗಾಂಶದೊಳಗೆ ಉಷ್ಣತಾಮಾಪಕದ ಸೂಜಿಗಳನ್ನಿಟ್ಟು ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ 3.3 ಮೆಗಾಹರ್ಟ್ಸ್‌ನಲ್ಲಿ, 1.0 ವ್ಯಾಟಿನಲ್ಲಿ, ಹತ್ತು ನಿಮಿಷ ಕೊಟ್ಟಾಗ ಮುಂಗಾಲಿನ ಹಿಂಬದಿಯಲ್ಲಿ ಚರ್ಮಕ್ಕೆ ಹತ್ತಿರವಿರುವ ಸ್ನಾಯುರಜ್ಜು ಸುಮಾರು 3.5 ಡಿಗ್ರಿಯಷ್ಟು ಬೆಚ್ಚಗಾಯಿತು, 1.5 ವ್ಯಾಟಿನಲ್ಲಿ ಸುಮಾರು 5 ಡಿಗ್ರಿ. ಅದೇ ಬೆನ್ನಿನ ದಪ್ಪ ಮಾಂಸಖಂಡಕ್ಕೆ ಇಪ್ಪತ್ತು ನಿಮಿಷ ಕೊಟ್ಟರೂ ಏರಿಕೆ ಒಂದು ಡಿಗ್ರಿಯ ಆಸುಪಾಸಿನಲ್ಲೇ ಉಳಿಯಿತು. ಇದರಿಂದ ಎರಡು ಮಾತು ಗೊತ್ತಾಗುತ್ತವೆ: ಚರ್ಮದ ಹತ್ತಿರವಿರುವ ಕೊಲಾಜೆನ್ ಅಂಗಾಂಶಕ್ಕೆ ಈ ಯಂತ್ರದ ಶಾಖ ನಿಜವಾಗಿಯೂ ಮುಟ್ಟುತ್ತದೆ, ಮಾಂಸಕ್ಕೆ ಮುಟ್ಟುವುದು ಅತ್ಯಲ್ಪ. ಕೀಲುಚೀಲದ ಹಿಂದೆಯೇ ಮೂಳೆಯಿರುವುದರಿಂದ, ಸ್ನಾಯುರಜ್ಜುವಿಗೆ ಸಲ್ಲುವ 1.5 ವ್ಯಾಟನ್ನು ಫೆಟ್ಲಾಕಿನ ಮೇಲೆ ಪ್ರಯೋಗಿಸಬೇಡಿ. ಅಂಗಾಂಶದ ಉಷ್ಣತೆ 45 ಡಿಗ್ರಿಯನ್ನು ಮುಟ್ಟಿದರೆ ಅದು ಸುಡುವ ಹಂತ.

ಪ್ರೋಬನ್ನು ಒಂದೇ ಕಡೆ ನಿಲ್ಲಿಸಬಾರದು. ಅದರ ಮುಖದಿಂದ ಧ್ವನಿ ಒಂದೇ ಸಮನಾಗಿ ಹೊಮ್ಮುವುದಿಲ್ಲ. ಯಂತ್ರ ಸರಾಸರಿ 1 ವ್ಯಾಟ್ ತೋರಿಸುವಾಗ ಕಿರಣದ ಕೆಲವು ಬಿಂದುಗಳಲ್ಲಿ ಅದರ ಐದಾರು ಪಟ್ಟು ತೀಕ್ಷ್ಣತೆ ಇರಬಹುದು. ಸೆಕೆಂಡಿಗೆ ಮೂರು ನಾಲ್ಕು ಸೆಂಟಿಮೀಟರ್ ವೇಗದಲ್ಲಿ, ಚರ್ಮಕ್ಕೆ ಪೂರ್ತಿ ತಾಗಿದಂತೆ, ಒಂದರ ಮೇಲೊಂದು ಬರುವ ಸಣ್ಣ ವೃತ್ತಗಳಲ್ಲಿ ಆಡಿಸುತ್ತಿರಬೇಕು. ಫೆಟ್ಲಾಕಿನ ಮುಂಭಾಗ ಉರುಟಾಗಿರುವುದರಿಂದ ಪ್ರೋಬಿನ ಅಂಚು ಎದ್ದು ಗಾಳಿ ಸೇರಿಕೊಳ್ಳುವುದು ಸುಲಭ. ಚಿಕ್ಕ ಮುಖದ ಪ್ರೋಬ್ ಇದ್ದರೆ ಅದನ್ನೇ ಬಳಸಿ. ಮನೆಯಲ್ಲಿ ಬಹುಕಾಲ ಇದ್ದ ಯಂತ್ರವಾದ್ದರಿಂದ, ಬಳಸುವ ಮೊದಲು ತಂತ್ರಜ್ಞರಿಂದ ಅದರ ಶಕ್ತಿಯನ್ನು ಅಳತೆ ಮಾಡಿಸಿ. ಹೊಮ್ಮುತ್ತಿದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಾದರೆ, ಪ್ರೋಬಿನ ಮುಖವನ್ನು ಮೇಲೆ ಮಾಡಿ, ಎರಡು ಹನಿ ನೀರು ಹಾಕಿ, ಕಡಿಮೆ ಶಕ್ತಿಯಲ್ಲಿ ಎರಡು ಸೆಕೆಂಡು ಚಾಲೂ ಮಾಡಿ. ನೀರು ನಡುಗಿದರೆ ಹರಳು ಕಂಪಿಸುತ್ತಿದೆ ಎಂದರ್ಥ. ಎಷ್ಟು ಶಕ್ತಿಯಲ್ಲಿ ಎಂಬುದು ಇದರಿಂದ ತಿಳಿಯುವುದಿಲ್ಲ.

ಮನುಷ್ಯ ರೋಗಿ ‘ಬಿಸಿಯಾಗುತ್ತಿದೆ’ ಎಂದು ಹೇಳುತ್ತಾನೆ, ಕುದುರೆ ಹೇಳುವುದಿಲ್ಲ. ಆದ್ದರಿಂದ ಒಬ್ಬರು ಪ್ರೋಬ್ ಹಿಡಿದಿರುವಾಗ ಇನ್ನೊಬ್ಬರು ಕುದುರೆಯ ಮುಖವನ್ನು ನೋಡುತ್ತಿರಬೇಕು. ಕಿವಿ ಹಿಂದಕ್ಕೆ ಹೋಗುವುದು, ಮೂಗಿನ ಹೊಳ್ಳೆ ಬಿಗಿಯುವುದು, ತಲೆ ತಟ್ಟನೆ ಚಿಕಿತ್ಸೆಯ ಕಡೆಗೆ ತಿರುಗುವುದು, ಕಾಲನ್ನು ಎಳೆದುಕೊಳ್ಳುವುದು ಇವೆಲ್ಲ ‘ಸಾಕು’ ಎಂಬ ಮಾತುಗಳೇ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಹೆಣ್ಣು ಕುದುರೆ ಆರನೆಯ ನಿಮಿಷದಲ್ಲಿ ಮತ್ತೆ ಮತ್ತೆ ಕಾಲನ್ನೆತ್ತುತ್ತಿದ್ದುದನ್ನು ನಾನು ಚಡಪಡಿಕೆಯೆಂದು ತಿಳಿದು, ಸಹಾಯಕರಿಂದ ಹಿಡಿಸಿ ಹತ್ತು ನಿಮಿಷ ಪೂರೈಸಿದೆ. ಮರುದಿನ ಅದು ಆ ಕಾಲನ್ನು ಮುಟ್ಟಗೊಡಲಿಲ್ಲ. ಮೂಳೆಯ ಪೊರೆಗೆ ನೋವಾಗಿತ್ತು, ಚೇತರಿಸಿಕೊಳ್ಳಲು ಎರಡು ವಾರ ಹಿಡಿಯಿತು. ಅಂದಿನಿಂದ ನಾನು ಗಡಿಯಾರಕ್ಕಿಂತ ಕುದುರೆಯ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇನೆ. ಇದೇ ಕಾರಣಕ್ಕೆ, ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ದಿನ ಅಥವಾ ಮಂಪರಿನ ಔಷಧದ ಪ್ರಭಾವದಲ್ಲಿರುವಾಗ ಈ ಚಿಕಿತ್ಸೆ ಕೊಡಲೇಬಾರದು. ಕತ್ತೆ ಮತ್ತು ಹೇಸರಗತ್ತೆಗಳು ನೋವನ್ನು ಕುದುರೆಗಿಂತಲೂ ಹೆಚ್ಚು ಒಳಗಿಟ್ಟುಕೊಳ್ಳುವ ಪ್ರಾಣಿಗಳು. ಅವುಗಳಿಗೆ ಕೊಡುವುದಾದರೆ 0.5 ವ್ಯಾಟಿನಿಂದ ಆರಂಭಿಸಿ, ಮರುದಿನ ಕಾಲನ್ನು ಪರೀಕ್ಷಿಸಿಯೇ ಏರಿಸಬೇಕು.

ಇನ್ನು, ಎಲ್ಲಿ ಕೊಡಲೇಬಾರದು: ಸೋಂಕಿನ ಅನುಮಾನವಿರುವ ಕೀಲು, ಗೆಡ್ಡೆಯಿರುವ ಜಾಗ, ಹೊಸ ರಕ್ತಸ್ರಾವ, ಮುರಿತ, ಗಬ್ಬದ ಕುದುರೆಯ ಹೊಟ್ಟೆ ಮತ್ತು ಸೊಂಟದ ಭಾಗ, ಕಣ್ಣಿನ ಸುತ್ತ. ಎಳೆಯ ಕುದುರೆಗಳಲ್ಲಿ ಮೂಳೆಯ ಬೆಳವಣಿಗೆಯ ಫಲಕಗಳ ಮೇಲೂ ಬೇಡ. ಮುಂಗಾಲಿನ ಮಂಡಿಯ ಮೇಲಿರುವ ಫಲಕವು ಎರಡು ವರ್ಷದ ಆಸುಪಾಸಿನವರೆಗೂ ಅಥವಾ ಅದಕ್ಕಿಂತ ಹೆಚ್ಚು ಕಾಲ ತೆರೆದೇ ಇರುತ್ತದೆ. ನಿಮ್ಮ ಕುದುರೆಗೆ ಹನ್ನೊಂದು ವರ್ಷವಾದ್ದರಿಂದ ಆ ಚಿಂತೆಯಿಲ್ಲ. ಆದರೆ ಕೀಲಿನೊಳಗೆ ಯಾವುದಾದರೂ ಚುಚ್ಚುಮದ್ದು ಕೊಡಿಸಿದರೆ, ಅದನ್ನು ಕೊಟ್ಟ ವೈದ್ಯರನ್ನು ಕೇಳದೆ ಪ್ರೋಬ್ ಮುಟ್ಟಿಸಬೇಡಿ.

ಈ ಚಿಕಿತ್ಸೆಯ ಬಗ್ಗೆ ಇರುವ ಒಟ್ಟು ಸಾಕ್ಷ್ಯ ದುರ್ಬಲವೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮನುಷ್ಯರ ಮೇಲೆ ನಡೆದ 35 ನಿಯಂತ್ರಿತ ಪ್ರಯೋಗಗಳನ್ನು ಪರಿಶೀಲಿಸಿದ 2001ರ ವಿಮರ್ಶೆಯೊಂದು ಅವುಗಳಲ್ಲಿ 10 ಮಾತ್ರ ವಿಧಾನದ ದೃಷ್ಟಿಯಿಂದ ಒಪ್ಪತಕ್ಕವು ಎಂದು ಕಂಡುಕೊಂಡಿತು. ಆ ಹತ್ತರಲ್ಲೂ ಎರಡರಲ್ಲಿ ಮಾತ್ರ ಅಲ್ಟ್ರಾಸೌಂಡ್ ಹುಸಿ ಚಿಕಿತ್ಸೆಗಿಂತ ಮೇಲೆನಿಸಿತು. ಕುದುರೆಗಳ ಮೇಲಿನ ಪ್ರಯೋಗಗಳು ಇನ್ನೂ ವಿರಳ. ಪ್ರಮಾಣ ತೀರ ಕಡಿಮೆ, ಜಾಗ ತೀರ ದೊಡ್ಡದು, ಹಿಗ್ಗಿಸುವ ಕ್ರಿಯೆಯೇ ಇಲ್ಲ ಎಂಬ ಕಾರಣಗಳಿಂದ ಅನೇಕ ಪ್ರಯೋಗಗಳು ಸೋತಿರಬಹುದೆಂಬುದು ನನ್ನ ಎಣಿಕೆ, ಆದರೆ ಅದು ಎಣಿಕೆಯೇ ಹೊರತು ಪುರಾವೆಯಲ್ಲ. ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಕುದುರೆಗಳಲ್ಲಿ ಬಳಸುವ ‘ಶಾಕ್ ವೇವ್’ ಚಿಕಿತ್ಸೆ ಇದಲ್ಲ; ಅದು ಒಂದೊಂದಾಗಿ ಬಡಿಯುವ, ಬಹಳ ಹೆಚ್ಚು ಒತ್ತಡದ ಅಲೆ, ಅದಕ್ಕೆ ಬೇರೆಯದೇ ಯಂತ್ರ ಬೇಕು. ಕೃತಕವಾಗಿ ಕೀಲುಸವೆತ ಉಂಟುಮಾಡಿದ ಕುದುರೆಗಳಲ್ಲಿ ಅದು ಕುಂಟನ್ನು ಕಡಿಮೆ ಮಾಡಿತೆಂದು 2009ರ ಅಧ್ಯಯನವೊಂದು ತೋರಿಸಿದೆ. ಆ ಫಲಿತಾಂಶವನ್ನು ನಿಮ್ಮ ಮನೆಯ ಯಂತ್ರದ ಹೆಸರಿಗೆ ಬರೆದುಕೊಳ್ಳಲಾಗದು. ಹಾಗೆಯೇ ಗರ್ಭವನ್ನೂ ಸ್ನಾಯುರಜ್ಜುವನ್ನೂ ಪರದೆಯ ಮೇಲೆ ತೋರಿಸುವ ಸ್ಕ್ಯಾನ್ ಯಂತ್ರದಿಂದ ಈ ಚಿಕಿತ್ಸೆ ಕೊಡಲಾಗುವುದಿಲ್ಲ, ಈ ಯಂತ್ರದಿಂದ ಚಿತ್ರ ನೋಡಲಾಗುವುದಿಲ್ಲ.

ನಿಮ್ಮ ಕುದುರೆಗೆ ಈಗ ಮಾಡಬೇಕಾದದ್ದು ಹೀಗೆ. ಮೊದಲು ಪಶುವೈದ್ಯರಿಂದ ಕೀಲನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ನಾಲ್ಕು ತಿಂಗಳು ಕಳೆದಿರುವುದರಿಂದ ಹೊಸ ಎಕ್ಸ್‌ರೇ ಬೇಕು, ಕೀಲುಚೀಲದ ದಪ್ಪವನ್ನು ಸ್ಕ್ಯಾನಿನಲ್ಲಿ ಅಳೆದರೆ ಇನ್ನೂ ಒಳ್ಳೆಯದು. ಮೂಳೆಯ ಚೂರು ಕೀಲಿನೊಳಗೆ ಸಿಕ್ಕಿಕೊಂಡಿದ್ದರೆ ಅದನ್ನು ತೆಗೆಯದೆ ಬಿಗಿತ ಬಿಡುವುದಿಲ್ಲ. ಕೆಲಸವನ್ನು ಸಂಜೆ ಕೀಲು ಬಿಸಿಯಾಗದ ಮಟ್ಟಕ್ಕೆ ಇಳಿಸಿ, ದಿನವೂ ಎರಡೂ ಫೆಟ್ಲಾಕುಗಳನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ಹೋಲಿಸಿ. ಸತತ ಎರಡು ವಾರ ಎರಡೂ ಒಂದೇ ಬಗೆಯಲ್ಲಿ ತಂಪಾಗಿದ್ದರೆ ಮಾತ್ರ ಯಂತ್ರದ ಮಾತು. ಆರಂಭಿಸುವ ದಿನ ಮೂರು ದಾಖಲೆಗಳನ್ನು ಮಾಡಿಕೊಳ್ಳಿ: ಒಂದೇ ಜಾಗದಲ್ಲಿ ಟೇಪು ಸುತ್ತಿ ಎರಡೂ ಕೀಲುಗಳ ಸುತ್ತಳತೆ, ಕಾಲನ್ನೆತ್ತಿ ನೋವಾಗದಷ್ಟು ಮಡಚಿ ಪಕ್ಕದಿಂದ ತೆಗೆದ ಚಿತ್ರ, ಗಟ್ಟಿ ನೆಲದ ಮೇಲೆ ನೇರವಾಗಿ ಓಡಿಸಿದ ಅರ್ಧ ನಿಮಿಷದ ವಿಡಿಯೋ.

ಆಮೇಲೆ ದಿನಬಿಟ್ಟು ದಿನದಂತೆ ಚಿಕಿತ್ಸೆ ಕೊಟ್ಟು, ಪ್ರೋಬ್ ತೆಗೆದೊಡನೆ ಕಾಲನ್ನೆತ್ತಿ, ಕುದುರೆ ಮೊದಲ ಪ್ರತಿರೋಧ ತೋರುವ ಕಡೆ ನಿಲ್ಲಿಸಿ, ಅಲ್ಲಿಯೇ ಇಪ್ಪತ್ತರಿಂದ ಮೂವತ್ತು ಸೆಕೆಂಡು ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದನ್ನು ಮೂರು ನಾಲ್ಕು ಸಲ ಮಾಡಿ. ಬಲ ಹಾಕಿ ಮಡಚಬೇಡಿ. ಬೆಚ್ಚಗಾದ ಚೀಲ ಹಿಗ್ಗುವುದು ನಿಧಾನವಾದ, ಬಿಡದ ಎಳೆತಕ್ಕೆ. ಕೊನೆಗೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸಿ. ಮರುದಿನ ಕೀಲು ಬಿಸಿಯಾಗಿದ್ದರೆ ಅಥವಾ ಕುಂಟು ಹೆಚ್ಚಿದ್ದರೆ ಚಿಕಿತ್ಸೆಯನ್ನು ನಿಲ್ಲಿಸಿ ತಣ್ಣೀರಿಗೆ ಹಿಂತಿರುಗಿ. ಹತ್ತು ಸಲ ಕೊಟ್ಟ ಮೇಲೆ ಅದೇ ಮೂರು ದಾಖಲೆಗಳನ್ನು ಮತ್ತೆ ಮಾಡಿ ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿ. ಮಡಚುವ ಕೋನ ಕಣ್ಣಿಗೆ ಕಾಣುವಷ್ಟು ಹೆಚ್ಚಿದ್ದರೆ ಇನ್ನೊಂದು ಹತ್ತು ಸಲ ಮುಂದುವರಿಸಬಹುದು. ಹೆಚ್ಚಿಲ್ಲವಾದರೆ ಯಂತ್ರವನ್ನು ಎತ್ತಿಟ್ಟು, ಆ ದಾಖಲೆಗಳನ್ನು ಪಶುವೈದ್ಯರಿಗೆ ತೋರಿಸಿ, ಕೀಲಿನೊಳಗಿನ ಚಿಕಿತ್ಸೆಗಳ ಬಗ್ಗೆ ಅವರೊಂದಿಗೆ ಮಾತನಾಡಿ.